ಬೆಂಚಿನ ಹಿಂದೆ ಹೋದ ಮನೆ

"ಏನಪ್ಪಾ ಗಿದ್ಯೋನ, ನಿನ್ನ ಮನೆ ಹೊಸ್ತಿಲು ಹಲ್ಲು ಬಿಡ್ತಾ ಇದೆಯಲ್ಲ?" ಅಂದಳು ಲೋಯಿಸಜ್ಜಿ, ಮಂಗಳವಾರ ಬೆಳ್ಳಂಬೆಳಿಗ್ಗೆ ನಮ್ಮ ಮನೆ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು.

ನಾನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ, ಬಾಯಿ ತುಂಬ ನೊರೆ. ಅಜ್ಜಿ ಬಂದದ್ದು ಬೇರೆ ಕೆಲಸಕ್ಕೆ. ತನ್ನ ಮನೆಗೆ ಮೆಟ್ಟಿಲು ಹಾಕಿಕೊಡು ಅಂತ ಮೂರು ವಾರದಿಂದ ಬೆನ್ನು ಹತ್ತಿದ್ದಳು. ನಾನು ಇವತ್ತು, ನಾಳೆ ಅಂತ ತಳ್ಳುತ್ತಾ ಬಂದಿದ್ದೆ. ಬಾಯಿ ಮುಕ್ಕಳಿಸಿ ಬಗ್ಗಿ ನೋಡಿದೆ. ಹೊಸ್ತಿಲಿಗೂ ಮೇಲಿನ ಮೆಟ್ಟಿಲಿಗೂ ನಡುವೆ ಬಲಗಡೆ ಎರಡು ಬೆರಳು ಹಿಡಿಸುವಷ್ಟು ಸಂದು ಬಿಟ್ಟಿತ್ತು. ಎಡಗಡೆ ಹೊಸ್ತಿಲು ಕಲ್ಲನ್ನು ಒತ್ತಿ ಗಾರೆ ಪುಡಿಪುಡಿಯಾಗಿ ಉದುರಿತ್ತು.

"ಮಣ್ಣು ಕುಸಿದಿರಬೇಕು ಅಜ್ಜಿ" ಅಂದೆ.

"ಊರಿಗೆಲ್ಲ ಮೆಟ್ಟಿಲು ಹಾಕೋನು ನೀನು. ಕುಸಿದದ್ದು ಯಾವುದು, ತಿರುಗಿದ್ದು ಯಾವುದು ಅಂತ ನನ್ನಂಥ ಮುದುಕಿಗೇ ಗೊತ್ತಾಗುತ್ತೆ. ನಿನಗೆ ಗೊತ್ತಾಗಲ್ವಾ?"

"ಯಾರ ಹತ್ರಾನೂ ಹೇಳಬೇಡ ಅಜ್ಜಿ."

"ನಾನ್ಯಾಕೆ ಹೇಳಲಿ? ನನ್ನ ಮೆಟ್ಟಿಲು ಯಾವತ್ತು, ಅದನ್ನ ಹೇಳು."

ನಮ್ಮೂರಲ್ಲಿ ಮನೆಗಳು ತಿರುಗುತ್ತವೆ. ಮನೆಯವರು ಯಾವುದಕ್ಕೆ ಊಳಿಗ ಮಾಡುತ್ತಾರೋ ಬಾಗಿಲು ಅದರ ಕಡೆ ಮುಖ ಮಾಡುತ್ತದೆ. ಪರವೂರಿನವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ನಮಗೆ ಅದು ನೆಗಡಿ ಬಂದು ಹೋದ ಹಾಗೆ. ಲೈಟಿನ ತಂತಿಯನ್ನು ಎರಡು ಮಾರು ಸಡಿಲ ಬಿಟ್ಟೇ ಎಳೆಯುತ್ತಾರೆ. ಬಚ್ಚಲ ನೀರಿಗೆ ಬಗ್ಗುವ ಪೈಪು ಹಾಕುತ್ತಾರೆ. ಪೋಸ್ಟ್‌ಮ್ಯಾನು ನಂಬರು ನೋಡಿಕೊಂಡು ಬಂದರೂ ಮನೆಗೆ ಒಂದು ಸುತ್ತು ಹಾಕಿ ಬಾಗಿಲು ಹುಡುಕುತ್ತಾನೆ. ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುವ ಮೊದಲು ಹೊಸ್ತಿಲ ಮೇಲೆ ನಿಂತು ಎದುರಿಗೆ ಏನಿದೆ ಅಂತ ಕಣ್ಣು ಕಿರಿದು ಮಾಡಿ ನೋಡಿಯೇ ಒಳಗೆ ಬರುವುದು. ಕುಂಬಾರರ ಮನೆಗಳೆಲ್ಲ ಮಡಕೆ ಸುಡುವ ಆವಿಗೆಯ ಕಡೆಗಿವೆ. ಹೊಸದಾಗಿ ಮದುವೆಯಾದವರ ಮನೆ ಮಾತ್ರ ಮೂರು ತಿಂಗಳು ಎತ್ತಲೂ ನಿಲ್ಲುವುದಿಲ್ಲ. ಅಂಥವರಿಗೆ ನಾನು ಕಲ್ಲು ಹಾಕಿಕೊಡುವುದೇ ಇಲ್ಲ. ಒಂದು ಮರದ ಏಣಿ ಕೊಟ್ಟು, "ಜಗಳ ಮುಗಿದ ಮೇಲೆ ಹೇಳಿ ಕಳಿಸಿ" ಅಂದು ಬರುತ್ತೇನೆ. ಮನೆ ತಿರುಗಿದರೂ ಮೆಟ್ಟಿಲು ತಿರುಗುವುದಿಲ್ಲ ನೋಡಿ. ಅದರಿಂದಲೇ ನನಗೆ ಮೂವತ್ತು ವರ್ಷದಿಂದ ಅನ್ನ.

ನನ್ನ ಮನೆ ಬಾಗಿಲು ಹನ್ನೊಂದು ವರ್ಷದಿಂದ ಚರ್ಚಿನ ಕಡೆಗಿತ್ತು. ನಡುವೆ ಒಂದು ಹುಣಸೆಮರ, ಮೂರು ಮನೆ ಸೂರು, ಅದರಾಚೆ ಚರ್ಚಿನ ಗಂಟೆಯ ಗೂಡು. ಸಭೆಯ ಹಿರಿಯನಾಗಬೇಕಾದರೆ ಬಾಗಿಲು ಹತ್ತು ವರ್ಷ ಸತತವಾಗಿ ಹಾಗೆ ಇರಬೇಕು, ಅದು ನಮ್ಮ ಸಭೆಯ ಕಟ್ಟಳೆ. ಬರುವ ಭಾನುವಾರ ನನ್ನ ನೇಮಕ. ಅದಕ್ಕೆಂದೇ ಬಿಳಿ ಕೋಟು ಹೊಲಿಸಿದ್ದೆ, ಮನೆಮನೆಗೆ ಹೋಗಿ ಕರೆದು ಬರುತ್ತಿದ್ದೆ, ಅದರ ಗಡಿಬಿಡಿಯಲ್ಲೇ ಲೋಯಿಸಜ್ಜಿಯ ಮೆಟ್ಟಿಲು ಹಿಂದೆ ಬಿದ್ದಿದ್ದು. ಭಾನುವಾರ ಆರಾಧನೆಗೆ ಮುಂಚೆ ಹಳೆಯ ಹಿರಿಯರು ಬಂದು ಹೊಸ ಹಿರಿಯನ ಹೊಸ್ತಿಲ ನಡುವಿಗೆ ದಾರ ಹಿಡಿದು ದಿಕ್ಕು ನೋಡುವ ಪದ್ಧತಿ. ದಾರ ಚರ್ಚಿನ ಗಂಟೆಗೂಡಿಗೆ ನೇರವಾಗಿದ್ದರೆ ಸರಿ. ಇಲ್ಲದಿದ್ದರೆ ಕೋಟು ಮಡಿಸಿ ಪೆಟ್ಟಿಗೆಗೆ.

ಅಜ್ಜಿ ಹೋದ ತಕ್ಷಣ ಒಂದು ಬಾಂಡಲಿ ಗಾರೆ ಕಲೆಸಿ ಸಂದು ಮುಚ್ಚಿದೆ. ಮೇಲೊಂದು ಗೋಣಿತಾಟು ಹಾಸಿ, ಪಕ್ಕಕ್ಕೆ ಕ್ರೋಟನ್ ಕುಂಡ ಎಳೆದಿಟ್ಟೆ. ನನ್ನ ಹೆಂಡತಿ ತಬಿತ ಪೊರಕೆ ಹಿಡಿದು ಬಂದವಳು ಗೋಣಿತಾಟನ್ನು ನೋಡಿದಳು, ನನ್ನನ್ನು ನೋಡಿದಳು, ದಾಟಿಕೊಂಡು ಹೋದಳು. ಬುಧವಾರ ಬೆಳಿಗ್ಗೆ ಗಾರೆ ಸೀಳಿ ಸಂದು ನಾಲ್ಕು ಬೆರಳಾಗಿತ್ತು.

ತಬಿತ ನೀರಿಗೆ ಹೋದ ಹೊತ್ತು ನೋಡಿ ನಾನೇ ದಾರ ಹಿಡಿದೆ. ಗೂಟ ಹೊಡೆದು, ತೂಕದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದೆ. ಗಂಟೆಗೂಡು ತಪ್ಪಿಹೋಗಿತ್ತು. ದಾರ ಅದರ ಎಡಕ್ಕೆ, ಪೇಟೆಯ ಕಡೆ ಹೋಗುತ್ತಿತ್ತು. ನಮ್ಮ ಕಸುಬಿನಲ್ಲಿ ಒಂದು ಮಾತಿದೆ: ದಾರ ದಾರಿ ತೋರಿಸುತ್ತೆ, ಬಾಗಿಲು ತಟ್ಟಲ್ಲ. ಎಷ್ಟು ದೂರಕ್ಕೆ ಅಂತ ನಡೆದೇ ನೋಡಬೇಕು. ನಡೆದೆ. ಪೇಟೆಯಲ್ಲಿ ಸಿಕ್ಕ ಒಂದೊಂದನ್ನೂ ಇದೇ ಇರಬಹುದೇ ಅಂತ ನೋಡಿದೆ. ಹೆಂಡದಂಗಡಿ ಬಂತು; ನಾನು ಕುಡಿಯುವವನಲ್ಲ, ದಾಟಿದೆ. ಚಿನ್ನದಂಗಡಿ ಬಂತು, ಅದರ ಒಳಗೆ ನಾನು ಕಾಲಿಟ್ಟಿದ್ದೇ ಎರಡು ಸಲ, ದಾಟಿದೆ. ಪೇಟೆ ಮುಗಿಯುವಲ್ಲಿ ವೀರಭದ್ರಾಚಾರಿಯ ಮರಗೆಲಸದ ಕೊಟ್ಟಿಗೆ. ದಾರದ ನೇರ ಅದರ ನಡುಬಾಗಿಲಿಗೆ ಬಂದು ಹೊಡೆಯಿತು.

"ಬನ್ನಿ ಮೇಸ್ತ್ರಿ, ನಿಮ್ಮದೇ ಕೆಲಸ ನಡೀತಾ ಇದೆ" ಅಂದ ಆಚಾರಿ, ಅರಳೆಯಿಂದ ಪಾಲಿಶ್ ಒರೆಸುತ್ತಾ.

ಕೊಟ್ಟಿಗೆಯ ನಡುವೆ ಹಿರಿಯರ ಬೆಂಚು ಇತ್ತು. ನಮ್ಮ ಚರ್ಚಿನ ಮುಂಭಾಗದಲ್ಲಿ, ಬೋಧನೆಯ ಪೀಠದ ಬಲಕ್ಕೆ, ಸಭೆಗೆಲ್ಲ ಕಾಣುವ ಹಾಗೆ ಇರುವ ಬೆಂಚು. ಅದಕ್ಕೆ ಒರಗು ಇದೆ, ತುದಿಗಳಲ್ಲಿ ಕೈಯಿಡಲು ಸಿಂಹದ ಪಂಜದಂಥ ಕೆತ್ತನೆ ಇದೆ. ಉಳಿದವರಿಗೆಲ್ಲ ಚಾಪೆ. ಅದರಲ್ಲಿ ನಾಲ್ಕು ಜನರ ಜಾಗ, ಮೂವರು ಹಿರಿಯರು. ಹನ್ನೊಂದು ವರ್ಷದಿಂದ ಆ ನಾಲ್ಕನೆಯ ಜಾಗ ಖಾಲಿ. ಹನ್ನೊಂದು ವರ್ಷದಿಂದ ನಾನು ಚಾಪೆಯ ಮೇಲೆ ಕೂತು, ಕೀರ್ತನೆ ಹಾಡುತ್ತಾ, ಆ ಖಾಲಿ ಜಾಗವನ್ನು ನೋಡುತ್ತಾ ಬಂದಿದ್ದೆ.

"ಯಾವತ್ತು ತಂದದ್ದು ಇದನ್ನ?" ಅಂತ ಕೇಳಿದೆ.

"ಸೋಮವಾರ ಮಧ್ಯಾಹ್ನ. ನಿಮ್ಮ ನೇಮಕಕ್ಕೆ ಹೊಳೀಬೇಕು ಅಂತ ಚರ್ಚಿನ ಅಯ್ಯನವರು ಕಳಿಸಿದ್ರು. ನಿನ್ನೆ ಒಳಗೆ ಒಣಗಲಿಲ್ಲ, ಅದಕ್ಕೆ ಇವತ್ತು ಈ ಬಾಗಿಲ ಹತ್ರ ಎಳೆದೆ. ಶನಿವಾರ ಮಧ್ಯಾಹ್ನಕ್ಕೆ ವಾಪಸ್. ಕೂತು ನೋಡ್ತೀರಾ? ಈ ತುದಿ ಒಣಗಿದೆ."

ಕೂತು ನೋಡ್ತೀರಾ! ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಬೇಡ, ಕೆಲಸ ಇದೆ" ಅಂದು ಬಂದುಬಿಟ್ಟೆ.

ದಾರಿಯುದ್ದಕ್ಕೂ ನನ್ನ ತಲೆ ಏನು ಲೆಕ್ಕ ಹಾಕಿತು ಅಂತ ಮುಚ್ಚಿಡದೆ ಹೇಳುತ್ತೇನೆ. ಮೊದಲು ನಾಚಿಕೆ. ಆಮೇಲೆ, ಹುಣಸೆಮರ ಬರುವಷ್ಟರಲ್ಲಿ, ಒಂದು ಸಮಾಧಾನ. ಶನಿವಾರ ಮಧ್ಯಾಹ್ನ ಬೆಂಚು ವಾಪಸ್ ಚರ್ಚಿಗೆ ಹೋಗುತ್ತೆ. ಅದರ ಹಿಂದೆಯೇ ನನ್ನ ಮನೆಯೂ ತಿರುಗುತ್ತೆ. ಭಾನುವಾರ ಬೆಳಿಗ್ಗೆ ದಾರ ಗಂಟೆಗೂಡಿಗೆ ನೇರವಾಗಿರುತ್ತೆ. ನಾನು ಸುಳ್ಳು ಹೇಳಬೇಕಾಗಿಲ್ಲ, ಹಾರೆ ಹಾಕಿ ಮನೆ ಮೀಟಬೇಕಾಗಿಲ್ಲ. ಸುಮ್ಮನೆ ಮೂರು ದಿನ ಗೋಣಿತಾಟು ಹಾಸಿಕೊಂಡಿದ್ದರೆ ಸಾಕು. ನೋಡಿದವಳು ಲೋಯಿಸಜ್ಜಿ ಒಬ್ಬಳೇ.

ಗುರುವಾರ ಕರಣೆ, ರಸಮಟ್ಟ, ಎರಡು ಚಪ್ಪಡಿ ಗಾಡಿಗೆ ಹಾಕಿಕೊಂಡು ಅಜ್ಜಿಯ ಮನೆಗೆ ಹೋದೆ. ಪಾಪ, ಅವಳ ಹೊಸ್ತಿಲ ಮುಂದೆ ಒಂದು ಬಕೆಟ್ಟು ಬೋರಲು ಹಾಕಿಕೊಂಡಿದ್ದಳು. ಮೂರು ವಾರದಿಂದ ಎಪ್ಪತ್ತೆರಡರ ಮುದುಕಿ ಅದರ ಮೇಲೆ ಹತ್ತಿ ಇಳಿದು ಮಾಡಿದ್ದಳು.

"ನನ್ನ ಬಾಯಿ ಮುಚ್ಚಿಸೋಕೆ ಬಂದೆ" ಅಂದಳು ಅಜ್ಜಿ, ಜಗಲಿಯಲ್ಲಿ ಕಾಲು ಚಾಚಿ ಕೂತು. "ಇರಲಿ. ಕೆಲಸ ನೆಟ್ಟಗೆ ಮಾಡು."

"ಅಂಥದ್ದೇನಿಲ್ಲ ಅಜ್ಜಿ."

"ಸುಳ್ಳೂ ಹೇಳು, ಗಾರೆನೂ ಕಲೆಸು, ಎರಡೂ ಒಟ್ಟಿಗೆ ಆಗಲ್ಲ ಕಣೋ. ನೀರು ಜಾಸ್ತಿ ಹಾಕಿದೆ ನೋಡು."

ನಿಜ, ನೀರು ಜಾಸ್ತಿಯಾಗಿತ್ತು. ಮಾತು ಮರೆಸಲು ಕೇಳಿದೆ, "ನಿನ್ನ ಮನೆ ಹದಿನಾಲ್ಕು ವರ್ಷ ನಾದಿನಿ ರಾಹೇಲಮ್ಮನ ಮನೆ ಕಡೆಗೇ ಇತ್ತಲ್ಲ? ಎಂಥಾ ಪ್ರೀತಿ ಅಂತ ಊರೇ ಹೊಗಳ್ತಿತ್ತು. ಈಗ್ಯಾಕೆ ತಿರುಗಿತು?"

ಅಜ್ಜಿ ನಕ್ಕ ನಗುವಿಗೆ ಅವಳಿಗೇ ಕೆಮ್ಮು ಬಂತು. "ಪ್ರೀತಿ! ನನ್ನ ಮಗಳ ಮದುವೇಲಿ, ಬೀಗರ ಪಂಕ್ತಿ ಕೂತಿದ್ದಾಗ, ಪಲ್ಯಕ್ಕೆ ಉಪ್ಪು ಜಾಸ್ತಿ ಅಂದಿದ್ದಳು ಅವಳು. ಗಟ್ಟಿಯಾಗಿ. ಎಲ್ಲರೂ ಕೇಳೋ ಹಾಗೆ. ಅವತ್ತಿನಿಂದ ಅವಳ ಬಾಗಿಲು ಎಷ್ಟು ಹೊತ್ತಿಗೆ ತೆಗೀತು, ಯಾರು ಬಂದ್ರು, ಯಾವ ಸೀರೆ ಉಟ್ಟಳು, ಎಲ್ಲಾ ನೋಡ್ತಾ ಕೂತೆ. ಹದಿನಾಲ್ಕು ವರ್ಷ ಒಂದು ಚಿಟಿಕೆ ಉಪ್ಪಿಗೆ ಊಳಿಗ ಮಾಡಿದೆ ಕಣೋ ಗಿದ್ಯೋನ."

"ಆಮೇಲೆ?"

"ಆಮೇಲೇನು? ಒಂದು ದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊಣಕಾಲೂರಿದೆ. ಬಾಗಿಲು ತೆಗೆದೇ ಇತ್ತು. ಕರ್ತನೇ ಅಂತ ಕಣ್ಣು ಮುಚ್ಚಿದ್ರೆ ಅವಳ ಮುಖ, ಕಣ್ಣು ಬಿಟ್ಟರೆ ಅವಳ ಮನೆ. ಅಯ್ಯೋ, ನಾನು ಯಾರಿಗೆ ಮೊಣಕಾಲೂರ್ತಾ ಇದ್ದೀನಿ ಅಂತ ನನಗೇ ನಗು ಬಂತು. ಎದ್ದು ಸೀದಾ ಹೋಗಿ, 'ರಾಹೇಲಾ, ಹೌದು ಕಣೇ, ಉಪ್ಪು ಜಾಸ್ತಿಯಾಗಿತ್ತು' ಅಂದೆ. ಅವಳೇನಂದಳು ಗೊತ್ತಾ? 'ಯಾವ ಉಪ್ಪು ಅತ್ತಿಗೆ?' ಅಂದಳು. ಅವಳಿಗೆ ನೆನಪೇ ಇಲ್ಲ!"

ನಾನು ಕರಣೆ ಕೆಳಗಿಟ್ಟು ನಕ್ಕೆ. ಮೂರು ದಿನದಲ್ಲಿ ಮೊದಲ ಸಲ.

"ನಾಚಿಕೆ ಆಗಲಿಲ್ವಾ ಅಜ್ಜಿ?"

"ಆಯ್ತಪ್ಪಾ. ಅರ್ಧ ದಿನ ಆಯ್ತು. ಆಮೇಲೆ ಎಂಥಾ ನಿದ್ದೆ ಬಂತು ಅಂತೀಯ! ಕೈಯಲ್ಲಿದ್ದ ಕೊಡ ಇಳಿಸಿದ ಮೇಲೇ ಅಲ್ವಾ ಅದು ಎಷ್ಟು ಭಾರ ಇತ್ತು ಅಂತ ಗೊತ್ತಾಗೋದು?" ಅಜ್ಜಿ ಮೊಣಕಾಲು ಉಜ್ಜಿಕೊಂಡಳು. "ನಿನ್ನ ಕೊಡ ಯಾವುದು ಅಂತ ನಾನು ಕೇಳಲ್ಲ. ಆ ಎಡಗಡೆ ಕಲ್ಲು ಅಲ್ಲಾಡ್ತಾ ಇದೆ, ಸರಿಮಾಡು."

ಅವಳ ಹೊಸ್ತಿಲಿನಿಂದ ದಾರ ಹಿಡಿದು ನೋಡಿದೆ. ಎದುರಿಗೆ ಬಯಲು, ಬಯಲಿನಾಚೆಗೂ ಬಯಲು. ಯಾವ ಕಟ್ಟಡವೂ ಇರಲಿಲ್ಲ. ಮೂವತ್ತು ವರ್ಷದಲ್ಲಿ ಅಂಥ ದಿಕ್ಕನ್ನು ನಾನು ನೋಡಿರಲಿಲ್ಲ. ಕೇಳೋಣ ಅಂತ ತಿರುಗಿದರೆ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಜೀವರತ್ನ ಅಯ್ಯನವರ ಮನೆಗೆ ಹೋದೆ. ನಮ್ಮ ಸಭಾಪಾಲಕರ ಮನೆ ಊರಲ್ಲೆಲ್ಲ ವಿಶೇಷ, ಯಾಕೆಂದರೆ ಅದೊಂದೇ ತಿರುಗುವುದಿಲ್ಲ. ಹಿಂದಿನವರು ಅದನ್ನು ಹಾಸುಬಂಡೆಯ ಮೇಲೆ, ಬಂಡೆಗೇ ಕಬ್ಬಿಣದ ಸರಳು ಬಡಿದು ಕಟ್ಟಿಸಿದ್ದಾರೆ. ಅಯ್ಯನವರು ಪಡಸಾಲೆಯಲ್ಲಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದರು. ನನ್ನ ಕಡೆಗೂ ಒಂದು ಬೊಗಸೆ ತಳ್ಳಿದರು. ಕೈಗೆ ಕೆಲಸವಿದ್ದರೆ ಬಾಯಿ ಬಿಡುವುದು ಸುಲಭ, ಎಲ್ಲಾ ಹೇಳಿಬಿಟ್ಟೆ. ಸಂದು, ಗೋಣಿತಾಟು, ಆಚಾರಿಯ ಕೊಟ್ಟಿಗೆ, ಬೆಂಚು. ಶನಿವಾರದ ಲೆಕ್ಕಾಚಾರವನ್ನೂ ಹೇಳಿದೆ.

ಅಯ್ಯನವರು ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು. ಆಮೇಲೆ, "ಸಿಂಹದ ಪಂಜ ಇರೋ ಬೆಂಚಿಗಾ?" ಅಂದರು.

"ಹೂಂ ಅಯ್ಯನವರೇ."

"ಅದರಲ್ಲಿ ತಿಗಣೆ ಇದೆ ಮೇಸ್ತ್ರಿ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. "ಹನ್ನೊಂದು ವರ್ಷ ಅಯ್ಯನವರೇ" ಅಂದೆ. "ಅಷ್ಟೂ ಪ್ರಾರ್ಥನೆ, ಅಷ್ಟೂ ಕೀರ್ತನೆ ಒಂದು ಮರದ ಬೆಂಚಿಗೆ ಹೋಯಿತಾ?"

"ಎಲ್ಲಿಗೆ ಹೋಯಿತು ಅಂತ ಹೇಳೋಕೆ ನಾನ್ಯಾರು? ಯಾರಿಗೆ ತಲುಪಬೇಕೋ ಆತ ಎತ್ತಿಟ್ಟುಕೊಂಡಿರಬಹುದು. ಆತನಿಗೆ ವಿಳಾಸ ತಪ್ಪಾಗಿರೋ ಕಾಗದ ಓದಿ ಅಭ್ಯಾಸ ಇದೆ." ಅಯ್ಯನವರು ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. "ನನ್ನ ಮನೆ ನೋಡಿ. ಬಂಡೆ ಮೇಲಿದೆ ಅಂತ ಎಲ್ಲರೂ ಪುಣ್ಯವಂತರು ಅಂತಾರೆ. ಒಂಬತ್ತು ವರ್ಷ ಆಯ್ತು ಈ ಊರಿಗೆ ಬಂದು. ಇಬ್ಬರು ಯಜಮಾನರ ಊಳಿಗ ಆಗೋದಿಲ್ಲ ಅಂತ ಎಷ್ಟು ಸಲ ಬೋಧಿಸಿದ್ದೀನೋ. ನನ್ನ ಮುಖ ಎತ್ತ ಇದೆ ಅಂತ ನನಗೆ ಒಂದು ದಿನಾನೂ ಗೊತ್ತಾಗಿಲ್ಲ. ಒಳ್ಳೆ ಬೋಧಕ ಅನ್ನಿಸಿಕೊಳ್ಳೋ ಆಸೆಗೋ, ಊಟಕ್ಕೋ, ಯಾವುದಕ್ಕೋ. ನಿಮಗೆ ಕರ್ತನೇ ತೋರಿಸಿಕೊಟ್ಟಿದ್ದಾನೆ. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು."

"ಹಾಗಾದರೆ ಭಾನುವಾರ?"

"ಅದು ನಿಮ್ಮ ಕೈಲಿದೆ. ಕೂರಬೇಕು ಅಂದರೆ ಕೂರಿ, ನಾನು ತಡೆಯಲ್ಲ, ಯಾರಿಗೂ ಹೇಳೋದೂ ಇಲ್ಲ. ಆದರೆ ಒಂದು ಮಾತು. ಬೆಂಚಿಗೆ ಆಳಾದವನು ಅದೇ ಬೆಂಚಿನ ಮೇಲೆ ಕೂತರೆ ಆಮೇಲೆ ಏಳೋಕೆ ಆಗಲ್ಲ. ಯಾರಿಗೆ ಆಳಾಗಬೇಕು ಅಂತ ಇವತ್ತು ನಿಮಗೆ ಆರಿಸಿಕೊಳ್ಳೋಕಾದರೂ ಆಗುತ್ತೆ."

ಶನಿವಾರ ಮಧ್ಯಾಹ್ನ ಆಚಾರಿಯ ಗಾಡಿಯಲ್ಲಿ ಬೆಂಚು ಹೋಯಿತು. ನಮ್ಮ ಬೀದಿಯಲ್ಲೇ. ಪಾಲಿಶ್‌ನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ನಾನು ಅಂಗಳದಲ್ಲಿ ನಿಂತು ನೋಡಿದೆ. ಎಷ್ಟು ಚೆನ್ನಾಗಿತ್ತು ಅಂದರೆ, ಒಂದು ಗಳಿಗೆ, ಬಾಯಿ ಮುಚ್ಚಿಕೊಂಡಿರೋಣ ಅಂತ ಮತ್ತೆ ಮನಸ್ಸಾಯಿತು. ನೋಡಿದ್ದು ಸಾಕು ಅಂತ ಒಳಗೆ ಹೋಗಿ ಬಿಳಿ ಕೋಟನ್ನು ತೆಗೆದು ಪೆಟ್ಟಿಗೆಗೆ ಹಾಕಿದೆ. ಆಮೇಲೆ ಹೊರಗೆ ಬಂದು ಗೋಣಿತಾಟನ್ನು ಎಳೆದು ಬಿಸಾಕಿದೆ.

ಭಾನುವಾರ ಬೆಳಿಗ್ಗೆ ಹಿರಿಯರು ದಾರ ಹಿಡಿಯಲು ಬರುವ ಮೊದಲೇ ನಾನು ಚರ್ಚಿಗೆ ಹೋಗಿ ಚಾಪೆಯ ಮೇಲೆ ಕೂತುಬಿಟ್ಟಿದ್ದೆ. ಎಲ್ಲರೂ ಸೇರಿದ ಮೇಲೆ ಅಯ್ಯನವರು ನನ್ನತ್ತ ನೋಡಿದರು. ಎದ್ದೆ. ಮನೆಯಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನನ್ನ ಮನೆ ಬಾಗಿಲು ದೇವರ ಕಡೆ ಇದೆ ಅಂತ ನಾನೂ ತಿಳಿದಿದ್ದೆ, ನೀವೂ ತಿಳಿದಿದ್ದಿರಿ" ಅಂದೆ. "ಅದು ಇದ್ದದ್ದು ಈ ಬೆಂಚಿನ ಕಡೆ. ಬೆಂಚು ಪೇಟೆಗೆ ಹೋದಾಗ ನನ್ನ ಮನೆ ಅದರ ಹಿಂದೆ ಹೋಯಿತು. ನಾನು ಇದರ ಮೇಲೆ ಕೂರಲ್ಲ."

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಯಾರು ಅಂತ ನನಗೆ ಗೊತ್ತು, ಲೋಯಿಸಜ್ಜಿಯೇ. ಆ ನಗು ಒಬ್ಬರಿಂದೊಬ್ಬರಿಗೆ ಹತ್ತಿ ಇಡೀ ಚರ್ಚು ನಕ್ಕಿತು. ನನ್ನ ಬೆನ್ನ ಮೇಲಿಂದ ಯಾರೋ ಸಿಮೆಂಟು ಮೂಟೆ ಇಳಿಸಿದ ಹಾಗಾಯಿತು. ಕೆಳಗೆ ಕೂತೆ. ಅವತ್ತು ಕೀರ್ತನೆ ಹಾಡುವಾಗ ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ, ಹನ್ನೊಂದು ವರ್ಷದ ಚಾಳಿ. ಕೊನೆಗೆ ಕಣ್ಣು ಮುಚ್ಚಿಕೊಂಡೆ. ಆ ಹಾಡಿನಲ್ಲಿ ಮೂರನೆಯ ಚರಣ ಅಷ್ಟು ಚೆನ್ನಾಗಿದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಆರಾಧನೆ ಮುಗಿದ ಮೇಲೆ, ಊರಿಗೇ ದೊಡ್ಡವರು ಅನ್ನಿಸಿಕೊಂಡ ಹಿರಿಯರು ನೆಹೆಮೀಯಪ್ಪನವರು ನನ್ನನ್ನು ಬೇವಿನಮರದ ಮರೆಗೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಮೇಸ್ತ್ರಿ, ಬಿಡುವಾದಾಗ ನಮ್ಮ ಮನೆಗೂ ಒಂದ್ಸಲ ದಾರ ಹಿಡೀತೀರಾ? ಸೋಮವಾರದಿಂದ ನಮ್ಮ ಬಾಗಿಲೂ ಯಾಕೋ ಕಿರ್ರ್ ಅಂತಿದೆ."

"ಖಂಡಿತ ಬರ್ತೀನಿ ಅಪ್ಪನವರೇ" ಅಂದೆ. "ಭಯ ಪಡಬೇಡಿ. ಅರ್ಧ ದಿನ ನಾಚಿಕೆ ಆಗುತ್ತೆ, ಅಷ್ಟೇ."

ಬೆಂಚು ಚರ್ಚಿಗೆ ವಾಪಸಾದರೂ ನನ್ನ ಮನೆ ವಾಪಸಾಗಲಿಲ್ಲ. ಭಾನುವಾರ ಸಂಜೆಯಿಂದ ಅದು ಇನ್ನೊಂದು ಕಡೆಗೆ ಹೊರಟಿತು. ದಿನಕ್ಕೆ ಒಂದು ಗೇಣು, ಅವಸರವಿಲ್ಲದೆ, ಗಬ್ಬದ ಎಮ್ಮೆ ನಡೆದ ಹಾಗೆ. ನಾನು ಕಲ್ಲು ಕೀಳಲಿಲ್ಲ, ಹೊಸ ಮೆಟ್ಟಿಲನ್ನೂ ಹಾಕಲಿಲ್ಲ. ಗುರುವಾರ ಬೆಳಿಗ್ಗೆ ನಾನೂ ತಬಿತಳೂ ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ಕೂತು ಕಾಫಿ ಕುಡಿಯುತ್ತಿದ್ದೆವು.

"ಗೋಣಿತಾಟು ಹಾಸಿದ ದಿನಾನೇ ನನಗೆ ಗೊತ್ತಾಯ್ತು" ಅಂದಳು ತಬಿತ.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಮೇಲೆ ಹಾರಾಡ್ತಿದ್ರಿ. ರೀ, ಈ ಮನೇಲಿ ನಾನೂ ಇದ್ದೀನಿ. ನಾನೂ ಮೂರು ಹೊತ್ತು ಪ್ರಾರ್ಥನೆ ಮಾಡ್ತೀನಿ. ನನ್ನ ಕಡೆಗೆ ಒಂದು ಬೆರಳಾದರೂ ತಿರುಗಬಾರದಿತ್ತಾ ಇದು? ನಿಮ್ಮ ಆಸೆ ಅಷ್ಟು ತೂಕ ಇತ್ತು."

ಲೋಟ ಕೆಳಗಿಟ್ಟು, "ತಪ್ಪಾಯ್ತು ಕಣೇ" ಅಂದೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನು ಆ ಮಾತು ಹೇಳಿದ್ದು ಅದೇ ಎರಡನೆಯ ಸಲ ಇರಬೇಕು. ಅವಳು ನನ್ನ ಲೋಟಕ್ಕೆ ತನ್ನ ಕಾಫಿಯಲ್ಲಿ ಅರ್ಧ ಬಗ್ಗಿಸಿದಳು.

"ಈಗ ಎತ್ತ ಹೊರಟಿದೆ ಇದು? ದಾರ ಹಿಡೀರಿ, ನೋಡೋಣ."

"ಬೇಡ ತಬಿತಾ. ಬೆಳಿಗ್ಗೆ ಎದ್ದ ಕೂಡಲೇ, ಕರ್ತನೇ ಇವತ್ತು ನಾನು ನಿನ್ನ ಆಳು, ಅಂತ ಹೇಳ್ಕೊಳ್ತಾ ಇದ್ದೀನಿ. ನಾಳೆ ಮತ್ತೆ ಹೇಳ್ಕೋಬೇಕು. ನಾನು ಆತನ ಹಿಂದೆ ಹೋಗ್ತೀನಿ, ಮನೆ ನನ್ನ ಹಿಂದೆ ಬರಲಿ."

"ಬಂದ್ರೆ ಒಳ್ಳೇದು" ಅಂದಳು ತಬಿತ. "ಬರದೇ ಇದ್ರೆ ನಾನು ತಳ್ತೀನಿ."

ಅಷ್ಟರಲ್ಲಿ ಸೂರ್ಯ ಎದುರು ಸೂರಿನ ಮೇಲೆ ಬಂದ. ಆ ಮನೆಯಲ್ಲಿ ನಾವು ಸಂಸಾರ ಹೂಡಿದಾಗಿನಿಂದ ಬೆಳಗಿನ ಬಿಸಿಲು ಒಳಗೆ ಬಂದದ್ದಿಲ್ಲ. ಇವತ್ತು ನಮ್ಮಿಬ್ಬರ ನಡುವಿನಿಂದ ನುಗ್ಗಿ, ನಡುಮನೆ ದಾಟಿ, ಅಡುಗೆಮನೆಯ ನೆಲದ ಮೇಲೆ ಒಂದು ಚಾಪೆಯಗಲ ಬಿತ್ತು. ತಬಿತ ತಿರುಗಿ ನೋಡಿದಳು. ಎದ್ದು ಹೋಗಿ, ಕತ್ತಲೆ ಮೂಲೆಯಲ್ಲಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ತಂದು, ಆ ಬಿಸಿಲಿನ ನಟ್ಟನಡುವೆ ಇಟ್ಟಳು.